ಉಯ್ಯಂಬಳ್ಳಿ ಸೀಮೆಯಲ್ಲಿ ಪದವಿಯ ಬೆಲೆ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ರಾಗಿ, ರೇಷ್ಮೆಯ ಸೀಮೆ. ಇಲ್ಲಿ ಪದವಿಯ ಖರ್ಚೆಂದರೆ ಶುಲ್ಕವಷ್ಟೇ ಅಲ್ಲ. ಹೊಲದಲ್ಲಿ, ಹುಳುಮನೆಯಲ್ಲಿ ದುಡಿಯುವ ಒಂದು ಆಳು ಕಡಿಮೆಯಾಗುವ ನಷ್ಟವೂ ಹೌದು.

1916ಕ್ಕೆ ಮುಂಚೆ ಮೈಸೂರು ಸಂಸ್ಥಾನದವರು ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪಡೆಯಬೇಕಿತ್ತು. ಆ ವರ್ಷ ನಾಲ್ವಡಿ ಕೃಷ್ಣರಾಜ ಒಡೆಯರ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಆದರೂ ಹಳ್ಳಿಯ ಹುಡುಗರಿಗೆ ಪಟ್ಟಣದ ಊಟ, ವಸತಿಯೇ ದೊಡ್ಡ ತೊಡಕು. ಜಾತಿ ಸಂಘಗಳೂ ಮಠಗಳೂ ನಡೆಸಿದ ವಿದ್ಯಾರ್ಥಿನಿಲಯಗಳು ಆ ಭಾರ ಹೊತ್ತವು. ಎಸ್. ಕರಿಯಪ್ಪನವರಂತೂ ಕನಕಪುರದಲ್ಲೇ ಗ್ರಾಮೀಣ ವಿದ್ಯಾಸಂಸ್ಥೆ ಕಟ್ಟಿದರು. ಈ ಸೀಮೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಉಪಕಾರ ವಿರಳ.

ಆಗ ಪದವಿ ಹಿಡಿದವನಿಗೆ ಸರ್ಕಾರಿ ನೌಕರಿಯ ಭರವಸೆಯಿತ್ತು. ಈಗ ಆ ನಂಟು ಸಡಿಲವಾಗಿದೆ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಇತ್ತ ಬಿಡದಿಯಲ್ಲಿ 2007ರಲ್ಲೇ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ತೆರೆದು, ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಕಸುಬು ಕಲಿಸತೊಡಗಿತು.

ಹೆಣ್ಣುಮಕ್ಕಳ ಲೆಕ್ಕ ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸು ಉಚಿತವಾಗಿ, ಕನಕಪುರದ ಕಾಲೇಜಿಗೆ ಹೋಗಿಬರುವ ಖರ್ಚು ಅವರ ಪಾಲಿಗೆ ಇಳಿದಿದೆ. ಸಂಬಳ ಸಿಗದಿದ್ದರೂ, ಮದುವೆಯನ್ನು ಮೂರು ವರ್ಷ ಮುಂದೂಡಲು ಅವರಿಗೆ ಪದವಿ ತರಗತಿಯೇ ಗಟ್ಟಿ ಆಸರೆ.