‘ಸಮುದ್ರ ಹೆದ್ದಾರಿಗೆ ಬಂತು’ ಎಂಬ ಫೋಟೋ ತ್ರಾಸಿಯದ್ದೇನಾ? ನಕ್ಷೆ ಆಟದವರ ಹಾಗೆ ಪತ್ತೆ ಹಚ್ಚೋಣ ಬನ್ನಿ

ಜೋರು ಮಳೆಯ ಒಂದು ದಿನ ನಿಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು ಎಂದಿಟ್ಟುಕೊಳ್ಳಿ. ‘ತ್ರಾಸಿ-ಮರವಂತೆಯಲ್ಲಿ ಸಮುದ್ರ ರಸ್ತೆಗೆ ಬಂದಿದೆ, ಹೆದ್ದಾರಿ ಬಂದ್, ಎಲ್ಲರಿಗೂ ತಿಳಿಸಿ’ ಎಂದು ಕೆಳಗೆ ಬರೆದಿದೆ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆಗೆ ಹೊರಟವರು ಇದನ್ನು ನಂಬಿ ಅರ್ಧ ದಾರಿಯಿಂದ ಹಿಂದಿರುಗಿದರೆ? ಅಥವಾ ಸುದ್ದಿ ನಿಜವೇ ಆಗಿದ್ದು, ‘ಇದೂ ಸುಳ್ಳೇ ಇರಬೇಕು’ ಎಂದು ಮುಂದೆ ಹೋದರೆ? ಎರಡೂ ಅಪಾಯವೇ.

ಇಂಥ ಫೋಟೋ ಎಲ್ಲಿಯದು ಎಂದು ನೋಡಲು ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಲಕ್ಷಾಂತರ ಜನ ಇದನ್ನೇ ಆಟವಾಗಿ ಆಡುತ್ತಾರೆ.

ಏನಿದು ಆಟ?

2013ರಲ್ಲಿ ಸ್ವೀಡನ್ನಿನ ಆಂಟನ್ ವಾಲೆನ್ ಎಂಬವರು ‘ಜಿಯೋಗೆಸರ್’ ಆಟ ಮಾಡಿದರು. ಗೂಗಲ್ ಸ್ಟ್ರೀಟ್ ವ್ಯೂನ ಯಾವುದೋ ಒಂದು ರಸ್ತೆಯಲ್ಲಿ ನಿಮ್ಮನ್ನು ಇಳಿಸುತ್ತಾರೆ. ಊರಿನ ಹೆಸರು ಹೇಳುವುದಿಲ್ಲ. ಸುತ್ತ ನೋಡಿ, ನಕ್ಷೆಯ ಮೇಲೆ ಜಾಗ ಗುರುತಿಸಬೇಕು. ಐದು ಸುತ್ತು, ಸುತ್ತಿಗೆ ಹೆಚ್ಚೆಂದರೆ 5,000 ಅಂಕ. ಪಳಗಿದವರು ಮೈಲಿಗಲ್ಲು, ವಿದ್ಯುತ್ ಕಂಬ, ಮಣ್ಣಿನ ಬಣ್ಣ, ಬೋರ್ಡಿನ ಲಿಪಿ ನೋಡಿಯೇ ಹೇಳಿಬಿಡುತ್ತಾರೆ.

ಭಾರತದಲ್ಲಿ ಸ್ಟ್ರೀಟ್ ವ್ಯೂ ತಡವಾಗಿ ಬಂತು. 2011ರಲ್ಲಿ ಬೆಂಗಳೂರಿನಲ್ಲಿ ಚಿತ್ರೀಕರಣ ಶುರುವಾದರೂ ಪೊಲೀಸರ ಆಕ್ಷೇಪದಿಂದ ನಿಂತುಹೋಯಿತು. 2021ರಲ್ಲಿ ನಕ್ಷೆಗೆ ಸಂಬಂಧಿಸಿದ ನಿಯಮಗಳು ಸಡಿಲವಾದ ಮೇಲೆ, 2022ರ ಜುಲೈನಲ್ಲಿ ಭಾರತೀಯ ಕಂಪನಿಗಳ ಜೊತೆ ಸೇರಿ ಬೆಂಗಳೂರು ಸೇರಿದಂತೆ 10 ನಗರಗಳಲ್ಲಿ ಗೂಗಲ್ ಇದನ್ನು ಮತ್ತೆ ತಂದಿತು.

ತ್ರಾಸಿಯ ಗುರುತುಗಳೇನು?

ಈಗ ಆ ಫೋಟೋವನ್ನೇ ಆಟದ ಒಂದು ಸುತ್ತು ಎಂದುಕೊಳ್ಳೋಣ.

1. ನೀರು ಯಾವ ಕಡೆ? ಇಲ್ಲಿ ಅರಬ್ಬಿ ಸಮುದ್ರ ಪಶ್ಚಿಮಕ್ಕೆ. ಸ್ವಲ್ಪ ಮುಂದೆ ಮರವಂತೆಯಲ್ಲಿ ಪೂರ್ವಕ್ಕೆ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಸಮುದ್ರದಿಂದ ಸೂರ್ಯ ಮೇಲೇಳುವ ಫೋಟೋ ಆದರೆ ಅದು ನಮ್ಮ ಕರಾವಳಿಯದ್ದಲ್ಲ. ನಮ್ಮಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ.

2. ವಾಹನ ಎತ್ತ ಹೋಗುತ್ತಿದೆ? ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಹಾಗಾಗಿ ಚತುಷ್ಪಥ ಹೆದ್ದಾರಿಯಲ್ಲಿ ಸಮುದ್ರದ ಕಡೆಯ ರಸ್ತೆ ಬೈಂದೂರಿಗೆ ಹೋಗುವವರದ್ದು, ನದಿಯ ಕಡೆಯದ್ದು ಕುಂದಾಪುರಕ್ಕೆ ಹೋಗುವವರದ್ದು. ಫೋಟೋದಲ್ಲಿ ಇದು ಅದಲುಬದಲಾಗಿದ್ದರೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿರಬಹುದು, ಅಥವಾ ಜಾಗವೇ ಬೇರೆ.

3. ಬೋರ್ಡು, ನಂಬರ್ ಪ್ಲೇಟ್. ಉಡುಪಿ ಜಿಲ್ಲೆಯ ವಾಹನಗಳು ಕೆಎ-20, ಮಂಗಳೂರಿನವು ಕೆಎ-19, ಕಾರವಾರದವು ಕೆಎ-30, ಕಾಸರಗೋಡಿನವು ಕೆಎಲ್-14. ಹೆದ್ದಾರಿಯಲ್ಲಿ ಎಲ್ಲ ಊರಿನ ಗಾಡಿಗಳೂ ಓಡುತ್ತವೆ, ಒಂದೇ ಪ್ಲೇಟ್ ನಂಬಬೇಡಿ. ಅಂಗಡಿ ಬೋರ್ಡಿನಲ್ಲಿ 576ರಿಂದ ಶುರುವಾಗುವ ಪಿನ್ ಕೋಡ್ ಅಥವಾ 08254 ಎಂಬ ಕುಂದಾಪುರದ ಎಸ್‌ಟಿಡಿ ಕೋಡ್ ಕಂಡರೆ ಅದು ಇನ್ನೂ ಗಟ್ಟಿ ಸುಳಿವು.

4. ನೆರಳು. ಬೆಳಿಗ್ಗೆ ನೆರಳು ಸಮುದ್ರದ ಕಡೆ ಬೀಳುತ್ತದೆ, ಸಂಜೆ ನದಿಯ ಕಡೆ. ‘ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿದ್ದರೆ ಉತ್ತರ ಗೋಳಾರ್ಧ’ ಎಂಬುದು ಆಟಗಾರರ ಲೆಕ್ಕ. ಆದರೆ ತ್ರಾಸಿಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಈ ಲೆಕ್ಕ ನಂಬಿದರೆ ಎಡವುತ್ತೀರಿ.

5. ಮಾತು. ವಿಡಿಯೋ ಆದರೆ ಧ್ವನಿ ಕೇಳಿಸಿಕೊಳ್ಳಿ. ಕುಂದಾಪ್ರ ಕನ್ನಡ ಗೊತ್ತಿದ್ದವರಿಗೆ ಒಂದು ವಾಕ್ಯ ಸಾಕು. ಮಾತು ಮರಾಠಿ, ಮಲಯಾಳಂ ಆಗಿದ್ದರೆ ಅನುಮಾನ ಇರಲಿ. ಪ್ರವಾಸಿಗರೂ ಆಗಿರಬಹುದು ಎಂಬುದನ್ನು ಮರೆಯಬೇಡಿ.

ಜಾಗ ಸರಿ, ದಿನ ತಪ್ಪು

ಹೆಚ್ಚಿನವರು ಮೋಸಹೋಗುವುದು ಇಲ್ಲೇ. ಫೋಟೋ ಮರವಂತೆಯದ್ದೇ ಆಗಿರುತ್ತದೆ, ಆದರೆ ವರ್ಷಗಳ ಹಿಂದಿನದು. ರಸ್ತೆಯನ್ನೇ ನೋಡಿ. ಈಗ ಇಲ್ಲಿ ಹೆದ್ದಾರಿ ಚತುಷ್ಪಥ. ಫೋಟೋದಲ್ಲಿ ಡಿವೈಡರ್ ಇಲ್ಲದ ಒಂದೇ ರಸ್ತೆ ಇದ್ದರೆ ಅದು ಹಳೆಯದು. ಮೈಲಿಗಲ್ಲಿನಲ್ಲಿ ‘17’ ಎಂದಿದ್ದರೂ ಅಷ್ಟೇ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗುವ ಮೊದಲು ಇದು ಹೆದ್ದಾರಿ 17 ಆಗಿತ್ತು. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಅದೇ ಜಾಗದ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ಹೋಲಿಸಬಹುದು.

ಮೂರು ತಪ್ಪು ನಂಬಿಕೆಗಳು

*‘ಸಮುದ್ರ-ನದಿ ನಡುವಿನ ರಸ್ತೆ ದೇಶದಲ್ಲಿ ಇದೊಂದೇ.’* ತಪ್ಪು. ಉಡುಪಿ ಜಿಲ್ಲೆಯಲ್ಲೇ ಮಟ್ಟು-ಪಡುಕೆರೆ ಮತ್ತು ಕೋಡಿಬೆಂಗ್ರೆಯಲ್ಲಿ ಇಂಥ ರಸ್ತೆಗಳಿವೆ. ಆದರೆ ಅವು ಊರಿನ ಸಣ್ಣ ರಸ್ತೆಗಳು. ಮರವಂತೆಯದ್ದು ರಾಷ್ಟ್ರೀಯ ಹೆದ್ದಾರಿ, ನದಿಯ ಬದಿಗೆ ವರಾಹ ದೇವಸ್ಥಾನವೂ ಇದೆ. ಹಿನ್ನೆಲೆ ನೋಡದೆ ಒಂದನ್ನು ಇನ್ನೊಂದು ಎಂದುಕೊಳ್ಳುವುದು ಸುಲಭ.

*‘ಫೋಟೋದ ಒಳಗೇ ಜಾಗದ ವಿವರ ಇರುತ್ತದೆ.’* ಅರ್ಧ ಸತ್ಯ. ಲೊಕೇಶನ್ ಆನ್ ಇದ್ದಾಗ ತೆಗೆದ ಮೂಲ ಫೈಲಿನಲ್ಲಿ ಇರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ.

*‘ಎಐ ಕೇಳಿದರೆ ಸಾಕು.’* ಎಐ ಒಳ್ಳೆಯ ಊಹೆ ಮಾಡುತ್ತದೆ, ಆದರೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತದೆ. ಅದು ಹೇಳಿದ ಜಾಗವನ್ನು ನಕ್ಷೆಯಲ್ಲಿ ನೀವೇ ತೆರೆದು ನೋಡಿ.

ಫಾರ್ವರ್ಡ್ ಮಾಡುವ ಮೊದಲು

- ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹುಡುಕಿ. ಹಳೆಯದಾದರೆ ಮೊದಲೇ ಎಲ್ಲಾದರೂ ಬಂದಿರುವ ಸಾಧ್ಯತೆ ಹೆಚ್ಚು.
- ಗೂಗಲ್ ಮ್ಯಾಪ್ಸ್‌ನ ಲೇಯರ್ಸ್‌ನಲ್ಲಿ ಸ್ಟ್ರೀಟ್ ವ್ಯೂ ಒತ್ತಿ, ನೀಲಿ ಗೆರೆ ಇರುವ ಕಡೆ ಒಳಗೆ ಹೋಗಿ ಹೋಲಿಸಿ.
- ಕಡಿಮೆ ಎಂದರೂ ಮೂರು ಗುರುತು ಹೊಂದಬೇಕು. ಒಂದು ಹೊಂದಿ ಎರಡು ಹೊಂದದಿದ್ದರೆ ನಿಲ್ಲಿಸಿ.
- ರಸ್ತೆ ಬಂದ್ ಎಂಬ ಸುದ್ದಿಯಾದರೆ ಆ ಊರಿನವರಿಗೆ ಅಥವಾ 112ಕ್ಕೆ ಕರೆ ಮಾಡಿ ಕೇಳಿ. ಕಡಲು ಉಕ್ಕಿದ ದಿನ ನಕ್ಷೆಗಿಂತ ಅಲ್ಲಿರುವವರ ಕಣ್ಣು ಮೇಲು.

ಕೊನೆಗೊಂದು ಎಚ್ಚರಿಕೆ. ಈ ವಿದ್ಯೆ ನಿಮ್ಮ ಮೇಲೂ ನಡೆಯುತ್ತದೆ. ಮನೆಯ ಗೇಟು, ಎದುರಿನ ಅಂಗಡಿಯ ಬೋರ್ಡು, ಮಕ್ಕಳ ಶಾಲೆಯ ಬಸ್ಸು ಕಾಣುವ ಒಂದು ಫೋಟೋ ಸಾಕು, ಅಪರಿಚಿತರೂ ನಿಮ್ಮ ಮನೆಯನ್ನು ಪತ್ತೆ ಹಚ್ಚಬಹುದು. ಆಟ ಆಡಿ, ಸುಳ್ಳು ಸುದ್ದಿ ಹಿಡಿಯಿರಿ. ಬೇರೆಯವರ ಮನೆ ಹುಡುಕಲು ಮಾತ್ರ ಬಳಸಬೇಡಿ.

ನಮ್ಮ ತೀರ್ಮಾನ: ಫೋಟೋ ಎಲ್ಲಿಯದು ಎಂಬುದರ ಜೊತೆಗೆ ಯಾವಾಗಿನದು ಎಂಬುದೂ ಗೊತ್ತಾಗಬೇಕು. ಎರಡೂ ಗೊತ್ತಾಗದ ಫಾರ್ವರ್ಡ್ ನಿಮ್ಮ ಫೋನಿನಲ್ಲೇ ನಿಲ್ಲಲಿ.