ಕೌಟಿಲ್ಯನ ಅಮಾತ್ಯಪರೀಕ್ಷೆ

ಉದ್ಯೋಗವನ್ನು ಬಯಸಿ ಬಂದವನನ್ನು ಎದುರಿಗೆ ಕುಳ್ಳಿರಿಸಿ, ಮಾತನಾಡಿಸಿ, ಅವನ ಯೋಗ್ಯತೆಯನ್ನು ನಿರ್ಣಯಿಸುವ ಪದ್ಧತಿಯು ಈಗ ಸರ್ವತ್ರ ರೂಢಿಯಲ್ಲಿದೆ. ಮಾತಿನಿಂದ ಮನುಷ್ಯನ ಯಾವ ಗುಣಗಳು ತಿಳಿಯುವುವು, ಯಾವುವು ತಿಳಿಯವು ಎಂಬುದನ್ನು ನಮ್ಮ ಪ್ರಾಚೀನರು ವಿಚಾರಮಾಡಿದ್ದರೇ? ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಬೆಳಕಿಗೆ ತಂದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಇದಕ್ಕೆ ಸ್ಪಷ್ಟವಾದ ಉತ್ತರವಿದೆ. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲವಾದರೂ ಪ್ರಕೃತ ವಿಚಾರಕ್ಕೆ ಅದು ಬಾಧಕವಲ್ಲ.

ಮೊದಲನೆಯ ಅಧಿಕರಣದ ಒಂಬತ್ತನೆಯ ಅಧ್ಯಾಯದಲ್ಲಿ ಕೌಟಿಲ್ಯನು ಅಮಾತ್ಯನ ಗುಣಗಳನ್ನು ಎಣಿಸಿ, ಅವನ್ನು ತಿಳಿಯುವ ಉಪಾಯಗಳನ್ನೂ ಬೇರೆಬೇರೆಯಾಗಿ ವಿಧಿಸಿರುವನು. ಹುಟ್ಟಿದ ನಾಡನ್ನು ಆಪ್ತರಿಂದ ಕೇಳಿ ತಿಳಿಯಬೇಕು. ವಿದ್ಯೆಯನ್ನು ಅದೇ ವಿದ್ಯೆಯನ್ನು ಬಲ್ಲವರಿಂದ ಪರೀಕ್ಷಿಸಬೇಕು. ಪ್ರಜ್ಞೆ, ಧಾರಣಶಕ್ತಿ, ದಕ್ಷತೆಗಳನ್ನು ಕಾರ್ಯದಲ್ಲಿ ತೊಡಗಿಸಿ ನೋಡಬೇಕು. ಉತ್ಸಾಹವನ್ನೂ ಕ್ಲೇಶಸಹಿಷ್ಣುತೆಯನ್ನೂ ಆಪತ್ಕಾಲದಲ್ಲಿ ಅರಿಯಬೇಕು. ಶುಚಿತ್ವವನ್ನು ವ್ಯವಹಾರದಿಂದಲೂ ಶೀಲವನ್ನು ಒಡನೆ ವಾಸಿಸಿದವರಿಂದಲೂ ಕಂಡುಕೊಳ್ಳಬೇಕು. ಸಂಭಾಷಣೆಯಿಂದ ತಿಳಿಯತಕ್ಕವು ವಾಗ್ಮಿತೆ, ಪ್ರಗಲ್ಭತೆ, ಪ್ರತಿಭೆ ಎಂಬ ಮೂರು ಮಾತ್ರ.

ಸಾಮಾನ್ಯಾಧಿಕಾರದಲ್ಲಿ ನೇಮಿಸಿದ ಮೇಲೂ ಪರೀಕ್ಷೆಯು ಮುಗಿಯುವುದಿಲ್ಲ. ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳನ್ನು ಮುಂದಿನ ಅಧ್ಯಾಯವು ಹೇಳುತ್ತದೆ. ಧರ್ಮೋಪಧೆಯಲ್ಲಿ ಶುದ್ಧನಾದವನಿಗೆ ನ್ಯಾಯಾಧಿಕಾರ, ಅರ್ಥೋಪಧೆಯಲ್ಲಿ ಶುದ್ಧನಾದವನಿಗೆ ಕಂದಾಯ ಮತ್ತು ಬೊಕ್ಕಸಗಳ ಅಧಿಕಾರ. ನಾಲ್ಕರಲ್ಲಿಯೂ ಶುದ್ಧನಾದವನೇ ಮಂತ್ರಿ. ಎಲ್ಲದರಲ್ಲಿಯೂ ಸೋತವನನ್ನು ಸಹ ಗಣಿ, ಆನೆಯ ಕಾಡು ಮೊದಲಾದೆಡೆಗಳಲ್ಲಿ ನಿಯೋಗಿಸುವುದುಂಟು. ಆದರೆ ಇಂತಹ ಪ್ರಲೋಭನದಿಂದ ನಿರ್ದೋಷಿಯ ಮನಸ್ಸು ಕೆಟ್ಟರೆ ಅದನ್ನು ಸರಿಪಡಿಸುವುದು ಕಷ್ಟವೆಂದು ಕೌಟಿಲ್ಯನೇ ಎಚ್ಚರಿಸಿರುವನು.

ಆಶ್ರಯವನ್ನು ಬಯಸುವವನ ನಡತೆಯು ಐದನೆಯ ಅಧಿಕರಣದ ನಾಲ್ಕನೆಯ ಅಧ್ಯಾಯದಲ್ಲಿದೆ. ಅವನು ಅನುಜ್ಞೆ ಪಡೆದೇ ಒಳಹೊಗಬೇಕು. ಒಂದು ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಜಗಳದ ಮಾತನ್ನೂ ಅಸಭ್ಯವಾದುದನ್ನೂ ನಂಬಲಾಗದುದನ್ನೂ ಆಡಬಾರದು. ಪರಿಹಾಸವಿಲ್ಲದೆಡೆ ಗಟ್ಟಿಯಾಗಿ ನಗಬಾರದು. ಆದರೆ ಈ ವಿನಯವು ದೈನ್ಯವಲ್ಲ. ಬುದ್ಧಿಗೆ ಸಂಬಂಧಿಸಿದ ವಿಷಯದಲ್ಲಿ ಪ್ರಶ್ನಿಸಲ್ಪಟ್ಟಾಗ ಸಭೆಗೆ ಅಂಜದೆ ಧರ್ಮಾರ್ಥಗಳಿಗೆ ಒಪ್ಪುವಂತೆ ಹೇಳಬೇಕು. ಅಷ್ಟೇ ಅಲ್ಲ, ಅರಸನು ತನ್ನನ್ನು ಬಯಸಿದಲ್ಲಿ ಅವನೊಡನೆ ಮೊದಲೇ ಕೆಲವು ನಿಯಮಗಳನ್ನು ಮಾಡಿಕೊಳ್ಳಲೂ ಅವನಿಗೆ ಅವಕಾಶವಿದೆ.

ಗೂಢಚಾರರಿಂದ ನಡೆಯುತ್ತಿದ್ದ ಉಪಧೆಗಳು ನಮಗೆ ಅನುಕರಣೀಯವಲ್ಲ. ಆದರೆ ಮಾತಿನ ಚಾತುರ್ಯವನ್ನು ಶೀಲವೆಂದೂ, ಸಂಕೋಚವನ್ನು ಅಸಾಮರ್ಥ್ಯವೆಂದೂ ಭ್ರಮಿಸಿ ಯೋಗ್ಯನನ್ನು ಕಳೆದುಕೊಳ್ಳುವ ದೋಷವು ಹಿಂದಿನಂತೆ ಇಂದಿಗೂ ಸಂಭವಿಸತಕ್ಕದ್ದೇ. ಸಂಭಾಷಣೆಯ ಅಧಿಕಾರವನ್ನು ಮೂರು ಗುಣಗಳಿಗೆ ಮಿತಿಗೊಳಿಸಿದ ಈ ವಿವೇಕವು, ಅಧ್ಯಾಪಕರನ್ನು ಆರಿಸುವವರಿಗೂ ವಿದ್ಯಾರ್ಥಿಗಳನ್ನು ಪರೀಕ್ಷಿಸುವವರಿಗೂ ಮನನೀಯವಾಗಿದೆ.