ಬಿಸಿ, ಎಣ್ಣೆ, ಹುಳಿ: ಪ್ಲಾಸ್ಟಿಕ್‌ನಿಂದ ದೂರ ಇಡಬೇಕಾದ ಮೂರು, ಮನೆಗೂ ಅಂಗಡಿಗೂ ಬೇಕಾದ ಮಾಹಿತಿ

ಅಂಕೋಲಾ: ಹುಬ್ಬಳ್ಳಿ ಹೆದ್ದಾರಿಯ ಅಗಸೂರಿನಿಂದ ಕಾರವಾರ ಪೇಟೆವರೆಗೆ, 'ಪಾರ್ಸೆಲ್ ಕೊಡಿ' ಅಂದರೆ ಇಂದಿಗೂ ಹಲವು ಕಡೆ ಮೊದಲು ಕೈಗೆ ಬರುವುದು ಪ್ಲಾಸ್ಟಿಕ್ ಕೊಟ್ಟೆಯೇ. ಕುದಿಯುವ ಸಾಂಬಾರು, ಮೀನು ಸಾರು, ಕೆಲವು ಕಡೆ ಚಾ ಕೂಡ ಅದರಲ್ಲೇ. ಮನೆ ಮುಟ್ಟುವ ಹೊತ್ತಿಗೆ ಕೊಟ್ಟೆ ಮೆತ್ತಗಾಗಿರುತ್ತದೆ. ಅಷ್ಟರಲ್ಲಿ ಕೊಟ್ಟೆಯಲ್ಲಿದ್ದ ರಾಸಾಯನಿಕದ ಒಂದಿಷ್ಟು ಅಂಶ ಸಾರಿಗೂ ಇಳಿದಿರಬಹುದು.

ಪ್ಲಾಸ್ಟಿಕ್ಕನ್ನು ಒಂದೇ ದಿನದಲ್ಲಿ ಮನೆಯಿಂದ ಹೊರಹಾಕುವುದು ಯಾರಿಂದಲೂ ಆಗುವ ಮಾತಲ್ಲ. ಆದರೆ ಬಿಸಿ, ಎಣ್ಣೆ, ಹುಳಿ ಈ ಮೂರನ್ನು ಅದರಿಂದ ದೂರ ಇಡುವುದು ಎಲ್ಲರಿಂದಲೂ ಆಗುತ್ತದೆ. ಊಟದ ಮೂಲಕ ಒಳಹೋಗುವ ರಾಸಾಯನಿಕ ಕಡಿಮೆ ಮಾಡಲು ಇದೇ ಸುಲಭದ ದಾರಿ.

ಪ್ಲಾಸ್ಟಿಕ್‌ನಲ್ಲಿ ಏನಿದೆ?

ಪ್ಲಾಸ್ಟಿಕ್ ಮೆತ್ತಗಾಗಲು, ಗಟ್ಟಿಯಾಗಲು, ಬಣ್ಣ ಬರಲು ಬೇರೆ ಬೇರೆ ರಾಸಾಯನಿಕ ಸೇರಿಸುತ್ತಾರೆ. ಹೆಚ್ಚು ಚರ್ಚೆಯಲ್ಲಿರುವುದು ಎರಡು. ಪಿವಿಸಿ ಮೆತ್ತಗಾಗಲು ಹಾಕುವ ಥಾಲೇಟ್ ಒಂದು. ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಮತ್ತು ಡಬ್ಬಿಗಳ ಒಳಲೇಪದಲ್ಲಿ ಬಳಸುವ ಬಿಸ್ಫೆನಾಲ್-ಎ, ಅಂದರೆ ಬಿಪಿಎ, ಇನ್ನೊಂದು. ಇವು ದೇಹದ ಹಾರ್ಮೋನುಗಳ ಕೆಲಸದಲ್ಲಿ ಏರುಪೇರು ಮಾಡಬಲ್ಲವು. ಒಂದು ದಿನ ತಿಂದರೆ ಕಾಯಿಲೆ ಬೀಳುವ ವಿಷ ಇದಲ್ಲ; ದಿನವೂ ಸ್ವಲ್ಪ ಸ್ವಲ್ಪ ಸೇರುವುದೇ ಚಿಂತೆ. ಗರ್ಭಿಣಿಯರು, ಹಸುಗೂಸುಗಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು.

ಭಾರತೀಯ ಮಾನಕ ಸಂಸ್ಥೆ 2015ರಲ್ಲೇ ಮಕ್ಕಳ ಹಾಲಿನ ಬಾಟಲಿಗಳಲ್ಲಿ ಬಿಪಿಎ ಇರಬಾರದೆಂದು ಮಾನದಂಡ ಮಾಡಿದೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ಆಹಾರಕ್ಕೆ ತಾಗುವ ಸಾಮಗ್ರಿಗಳಲ್ಲಿ ಬಿಪಿಎ ನಿಷೇಧಿಸುವ ನಿಯಮ ತಂದಿತು.

ಇಡ್ಲಿ ಕಲಿಸಿದ ಪಾಠ

2025ರ ಫೆಬ್ರುವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಸುಮಾರು 250 ಕಡೆ ಇಡ್ಲಿ ತಪಾಸಣೆ ನಡೆಸಿತು. 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಗೊತ್ತಾಯಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇದಕ್ಕೆ ತಡೆ ಹಾಕುವುದಾಗಿ ಹೇಳಿದರು. ಹಬೆಯ ಬಿಸಿಯಲ್ಲಿ ಪ್ಲಾಸ್ಟಿಕ್ ನೇರವಾಗಿ ಹಿಟ್ಟಿಗೆ ತಾಗುತ್ತದೆ ಎಂಬುದೇ ಇಲ್ಲಿನ ತೊಂದರೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದ ಕರಾವಳಿಗೆ ಇದಕ್ಕೆ ಪರಿಹಾರ ಹೊರಗಿನವರು ಹೇಳಿಕೊಡಬೇಕಿಲ್ಲ.

ಪೇಪರ್ ಕಪ್ಪೂ ಪೂರ್ತಿ ಪೇಪರ್ ಅಲ್ಲ

ಪ್ಲಾಸ್ಟಿಕ್ ಬಿಟ್ಟು ಪೇಪರ್ ಕಪ್ ಹಿಡಿದರೆ ಆಯ್ತು ಅನ್ನುವವರು ಗಮನಿಸಿ. ಚಾ ಸೋರದಂತೆ ಕಪ್ಪಿನ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. 2020ರಲ್ಲಿ ಐಐಟಿ ಖರಗ್‌ಪುರದ ಸಂಶೋಧಕರು 100 ಮಿಲಿಲೀಟರ್ ಬಿಸಿ ನೀರನ್ನು ಇಂಥ ಕಪ್ಪಿನಲ್ಲಿ 15 ನಿಮಿಷ ಇಟ್ಟು ನೋಡಿದಾಗ, ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದ್ದವು. ಗಾಜಿನ ಗ್ಲಾಸು, ಸ್ಟೀಲ್ ಲೋಟವೇ ವಾಸಿ.

ಮನೆಯಲ್ಲಿ ಏನು ಮಾಡಬೇಕು?

- ಮಿಡಿ ಉಪ್ಪಿನಕಾಯಿ, ಮುರುಗಲ ಹುಳಿ, ತೆಂಗಿನೆಣ್ಣೆ ಭರಣಿ ಅಥವಾ ಗಾಜಿನ ಬಾಟಲಿಯಲ್ಲಿರಲಿ.
- ಮಕ್ಕಳ ಬಿಸಿ ಊಟಕ್ಕೆ, ಬಿಸಿ ನೀರಿಗೆ ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಕೊಡಿ.
- ಡಬ್ಬದ ತಳದ ತ್ರಿಕೋನದೊಳಗಿನ ಅಂಕಿ ನೋಡಿ. 3, 6, 7 ಇದ್ದರೆ ಆಹಾರಕ್ಕೆ ಬೇಡ. 1 ಇರುವ ನೀರಿನ ಬಾಟಲಿ ಒಮ್ಮೆ ಬಳಸಲಷ್ಟೇ. 2, 4, 5 ತಕ್ಕಮಟ್ಟಿಗೆ ಒಳ್ಳೆಯವು, ಆದರೂ ಬಿಸಿ ಹಾಕಬೇಡಿ.
- ಪೇಂಟಿನ ಖಾಲಿ ಬಕೆಟ್, ರಾಸಾಯನಿಕ ತುಂಬಿದ್ದ ಡ್ರಮ್ಮಿನಲ್ಲಿ ಕುಡಿಯುವ ನೀರು ತುಂಬಬೇಡಿ.
- ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಹಾಕುವುದನ್ನು ಇವತ್ತೇ ನಿಲ್ಲಿಸಿ. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ಅಪಾಯಕಾರಿ ವಿಷ ಹುಟ್ಟುತ್ತದೆ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಗೆ ಒಣಗಿದ ತೆಂಗಿನ ಗರಿ, ಸಿಪ್ಪೆ ಸಾಕು. ಪ್ಲಾಸ್ಟಿಕ್ ಸುಟ್ಟ ಬೂದಿಯನ್ನು ತರಕಾರಿ ಗಿಡದ ಬುಡಕ್ಕೆ ಹಾಕಬೇಡಿ.

ಅಂಗಡಿಯವರು, ಹೋಟೆಲಿನವರು

- ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ 2016ರ ಮಾರ್ಚ್‌ನಿಂದಲೇ ನಿಷೇಧವಿದೆ. ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು 2022ರ ಜುಲೈ 1ರಿಂದ ಕೇಂದ್ರವೂ ನಿಷೇಧಿಸಿದೆ.
- ಬಜೆ, ವಡೆಯನ್ನು ಪೇಪರಿನಲ್ಲಿ ಕಟ್ಟುವುದೂ ಪರಿಹಾರವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಸುದ್ದಿಪತ್ರಿಕೆಯಲ್ಲಿ ತಿಂಡಿ ಕಟ್ಟುವುದನ್ನು ನಿಷೇಧಿಸಿದೆ. ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ಬಳಸಿ.
- ನೀರಿನ ಬಾಟಲಿ, ಕ್ಯಾನುಗಳನ್ನು ಅಂಗಡಿ ಮುಂದೆ ಬಿಸಿಲಿಗೆ ಒಡ್ಡಬೇಡಿ. ಶಾಖ ಹೆಚ್ಚಿದಷ್ಟೂ ಬಾಟಲಿಯಿಂದ ನೀರಿಗೆ ಬಿಡುವ ಅಂಶವೂ ಹೆಚ್ಚು.
- ಮಷೀನಿನಿಂದ ಬರುವ ನುಣುಪು ಬಿಲ್ ಕಾಗದದ ಲೇಪದಲ್ಲೂ ಬಿಪಿಎ ಅಥವಾ ಅದರದೇ ಜಾತಿಯ ರಾಸಾಯನಿಕ ಇರಬಹುದು. ಚರ್ಮದ ಮೂಲಕವೂ ಅದು ಒಳಹೋಗುತ್ತದೆ. ಸ್ಯಾನಿಟೈಸರ್ ಅಥವಾ ಎಣ್ಣೆ ತಾಗಿದ ಕೈಯಲ್ಲಿ ಹಿಡಿಯಬೇಡಿ. ಗಲ್ಲೆಯಲ್ಲಿ ದಿನವಿಡೀ ಕೂರುವವರು ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.
- 'ಪಾತ್ರೆ ತಂದರೆ ಎರಡು ರೂಪಾಯಿ ಕಮ್ಮಿ' ಎಂದು ಬೋರ್ಡ್ ಹಾಕಿ ನೋಡಬಹುದು. ಕೊಟ್ಟೆಯ ಖರ್ಚೂ ಉಳಿಯುತ್ತದೆ.

ಈಗ ಬಿಟ್ಟರೂ ಲಾಭ ಉಂಟಾ?

ಉಂಟು. ಬಿಪಿಎ, ಥಾಲೇಟ್ ದೇಹದಲ್ಲಿ ವರ್ಷಗಟ್ಟಲೆ ನಿಲ್ಲುವುದಿಲ್ಲ. ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 5 ಕುಟುಂಬಗಳ 20 ಜನ ಮೂರು ದಿನ ಪ್ಲಾಸ್ಟಿಕ್ ತಾಗದ ತಾಜಾ ಊಟ ಮಾಡಿದಾಗ, ಮೂತ್ರದಲ್ಲಿನ ಬಿಪಿಎ ಸರಾಸರಿ ಶೇ 60ಕ್ಕಿಂತ ಹೆಚ್ಚು ಇಳಿದಿತ್ತು. ಅಂದರೆ ತಡವಾಯಿತು ಎಂದು ಕೈಚೆಲ್ಲಬೇಕಿಲ್ಲ. ಪೇಟೆಗೆ ಹೊರಡುವಾಗ ಚೀಲದೊಳಗೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡರೆ ಶುರುವಾಯಿತು.